ಗೋರಿ ಇಲ್ಲದ ಗಾಯಕನನ್ನು ಹುಡುಕಿಕೊಂಡು

ನಮ್ಮ ಕಡೆ ದೊಡ್ಡವರು ಯಾರಾದರೂ ಹೋದರೆ ಒಂದು ಗದ್ದುಗೆ ಇರುತ್ತದೆ. ಅಮಾವಾಸ್ಯೆಗೋ ಪುಣ್ಯತಿಥಿಗೋ ಹೋಗಿ ಕಾಯಿ ಒಡೆದು, ಹತ್ತು ನಿಮಿಷ ಸುಮ್ನೆ ಕೂತು ಬರಬಹುದು. ಕ್ವೀನ್ ಎಂಬ ಇಂಗ್ಲಿಷ್ ರಾಕ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿಗೆ ಅದಿಲ್ಲ. 1991ರ ನವೆಂಬರ್ 24ರಂದು ಲಂಡನ್ನಿನ ತನ್ನ ಮನೆಯಲ್ಲಿ ತೀರಿಕೊಂಡ. ಆಗ ಅವನಿಗೆ 45 ವರ್ಷ. ದಹನವಾದ ಮೇಲೆ ಬೂದಿಯನ್ನು ಅವನ ಜೀವದ ಗೆಳತಿ ಮೇರಿ ಆಸ್ಟಿನ್ ತೆಗೆದುಕೊಂಡು ಹೋದರು. ಎಲ್ಲಿಟ್ಟರು, ಎಲ್ಲಿ ಬಿಟ್ಟರು ಎಂದು ಅವರು ಹೊರಗೆ ಹೇಳಿಲ್ಲ. ಹೇಳಬಾರದು ಎಂಬುದು ಅವನದೇ ಆಸೆಯಾಗಿತ್ತಂತೆ.

ಹಾಗಾದರೆ ಅವನ ಹಾಡು ಕೇಳಿ ಬೆಳೆದವರು ಎಲ್ಲಿ ಹೋಗಿ ನಿಲ್ಲಬೇಕು? ಈ ಪ್ರಶ್ನೆ ಇಟ್ಟುಕೊಂಡೇ ನಾನು 2019ರ ಜೂನ್‌ನಲ್ಲಿ ಲಂಡನ್ನಿಗೆ ಹೋದೆ ಅಂದರೆ ನನ್ನ ಹೆಂಡತಿ ನಗುತ್ತಾಳೆ. ನಿಜ ಹೇಳಬೇಕೆಂದರೆ ಹೋದದ್ದು ಮಗಳನ್ನು ನೋಡಲು. ಅವಳು ಅಲ್ಲಿ ಕೆಲಸಕ್ಕಿದ್ದಾಳೆ. ಫ್ರೆಡ್ಡಿ ನನ್ನ ಕಿಸೆಯಲ್ಲಿದ್ದ ಗುಟ್ಟಿನ ಪಟ್ಟಿ.

ಅವನ ಪರಿಚಯ ಆದದ್ದು ಧಾರವಾಡದ ಹಾಸ್ಟೆಲ್ಲಿನ ಊಟದ ಮನೆಯಲ್ಲಿ. ಭಾನುವಾರ ಊಟ ತಡವಾದರೆ ಹುಡುಗರು ಎರಡು ಸಲ ಟೇಬಲ್ ಗುದ್ದಿ, ಒಂದು ಸಲ ತಟ್ಟೆ ಬಡಿಯುತ್ತಿದ್ದರು. ದಪ್ ದಪ್ ಠಣ್. ದಪ್ ದಪ್ ಠಣ್. ಇದು ಯಾವುದೋ ಇಂಗ್ಲಿಷ್ ಹಾಡಿನದು ಎಂದು ಗೊತ್ತಿತ್ತು, ಯಾರದು ಎಂದು ಗೊತ್ತಿರಲಿಲ್ಲ. ಆಮೇಲೆ ಬೆಳಗಾವಿಯ ರೂಮ್‌ಮೇಟ್ ಒಬ್ಬ ಕ್ವೀನ್ ತಂಡದ ಕ್ಯಾಸೆಟ್ ತಂದ. ಕಾಪಿಯ ಕಾಪಿ, ಕರಕರ ಸದ್ದು ಜಾಸ್ತಿ. ಆ ಕರಕರದ ನಡುವಿನಿಂದ ಎದ್ದು ಬಂದ ದನಿ ಕೇಳಿ, ಇವನು ಒಬ್ಬನಾ ನಾಲ್ವರಾ ಎಂದು ನಾವು ವಾದ ಮಾಡಿದ್ದೆವು. ಆ ದನಿಯ ಹುಡುಗ ಎಂಟು ವರ್ಷ ನಮ್ಮ ಪಕ್ಕದ ಸಾತಾರಾ ಜಿಲ್ಲೆಯ ಶಾಲೆಯಲ್ಲಿ ಓದಿದ್ದ ಎಂದು ಆಗ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಮೊದಲ ದಿನ: ಹೀಥ್ರೂ

ವಿಮಾನ ಇಳಿಯಿತು, ನಾವು ಇಳಿದೆವು, ನಮ್ಮ ಎರಡು ಬ್ಯಾಗುಗಳಲ್ಲಿ ಒಂದು ಇಳಿಯಲಿಲ್ಲ. ನಡುವೆ ವಿಮಾನ ಬದಲಿಸಿದ ಊರಿನಲ್ಲೇ ಅದು ಉಳಿದುಕೊಂಡಿತ್ತು. ಅದರಲ್ಲಿ ಮಗಳಿಗೆಂದು ತಂದಿದ್ದ ಶೇಂಗಾ ಚಟ್ನಿ, ಕರದಂಟು, ಎರಡು ಕಿಲೋ ಧಾರವಾಡ ಪೇಡೆ. ನನ್ನ ಬಟ್ಟೆಗಳೂ ಅದರಲ್ಲೇ ಇದ್ದವು. ಹೆಂಡತಿ ಬಟ್ಟೆಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. "ಪೇಡೆ ಹಾಳಾಗ್ತಾವಲ್ರೀ" ಎಂದಷ್ಟೇ ಹೇಳಿದಳು.

ಫಾರಂ ತುಂಬುತ್ತಾ ನಿಂತಾಗ ನನಗೆ ನಗು ಬಂತು. ಪ್ರಸಿದ್ಧನಾಗುವ ಮುಂಚೆ ಫ್ರೆಡ್ಡಿ ಇದೇ ಹೀಥ್ರೂವಿನಲ್ಲಿ ಸಾಮಾನು ಹೊರುವ ಕೆಲಸ ಮಾಡಿದ್ದ. ಜಗತ್ತಿನ ಸ್ಟೇಡಿಯಂಗಳನ್ನೆಲ್ಲ ತುಂಬಿಸಲಿದ್ದ ಮನುಷ್ಯ ಯಾರದೋ ಸೂಟ್‌ಕೇಸು ಎತ್ತಿ ಇಡುತ್ತಿದ್ದ. "ಅಂವ ಇದ್ದಿದ್ರ ನಮ್ಮ ಬ್ಯಾಗ್ ಬರ್ತಿತ್ತು" ಎಂದೆ. ಹೆಂಡತಿಗೆ ಅದು ತಮಾಷೆ ಅನ್ನಿಸಲಿಲ್ಲ.

ಮಗಳ ಮನೆ ಹೌನ್ಸ್‌ಲೋದಲ್ಲಿ. ಬೀದಿಯಲ್ಲಿ ನಡೆದರೆ ಪಂಜಾಬಿ, ಉರ್ದು, ಗುಜರಾತಿ ಕಿವಿಗೆ ಬೀಳುತ್ತದೆ. ಅಂಗಡಿಯಲ್ಲಿ ಕೊತ್ತಂಬರಿ, ಹಸಿಮೆಣಸು, ಬೆಂಡೆಕಾಯಿ ಎಲ್ಲ ಸಿಗುತ್ತದೆ. ಮಗಳು ನನಗೆ ಎರಡು ಟೀ ಶರ್ಟ್ ಕೊಡಿಸಿದಳು. ನಾವು ಒಂಬತ್ತಕ್ಕೇ ಮಲಗಿದೆವು, ಹೊರಗೆ ಇನ್ನೂ ಬೆಳಕಿತ್ತು.

ಎರಡನೆಯ ದಿನ: ಫೆಲ್ಟಮ್

"ಅಪ್ಪಾ, ಅಲ್ಲೇನೂ ಇಲ್ಲ, ಒಂದು ಸಣ್ಣ ಮನಿ ಅಷ್ಟ. ಲಂಡನ್ ಬ್ರಿಡ್ಜ್‌ಗೆ ಹೋಗೂಣು" ಎಂದು ಮಗಳು ಹೇಳಿ ನೋಡಿದಳು. ಆದರೆ ಫೆಲ್ಟಮ್ ಅವಳ ಮನೆಯಿಂದ ಕೆಂಪು ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಇಷ್ಟು ಹತ್ತಿರ ಇಟ್ಟುಕೊಂಡು ಇವಳು ಮೂರು ವರ್ಷದಿಂದ ಹೋಗಿಲ್ಲ! ಉಳವಿಯ ಪಕ್ಕದಲ್ಲಿದ್ದು ಜಾತ್ರೆ ನೋಡದವರಂತೆ.

22, ಗ್ಲಾಡ್‌ಸ್ಟನ್ ಅವೆನ್ಯೂ. ಮಗಳು ಹೇಳಿದ್ದು ಸರಿ, ಒಂದು ಸಣ್ಣ ಮನೆ. ಮುಂದೆ ಅಂಗೈಯಗಲ ಜಾಗ, ಮೇಲೆ ಹೆಂಚು, ಅಕ್ಕಪಕ್ಕ ಅಂಥವೇ ಮನೆಗಳು. ತಲೆಯ ಮೇಲೆ ವಿಮಾನದ ಸದ್ದು. ಗೋಡೆಯ ಮೇಲೆ ಗುಂಡನೆಯ ನೀಲಿ ಫಲಕ. ಹೆಸರಾದವರು ವಾಸವಿದ್ದ ಮನೆಗಳಿಗೆ ಇಲ್ಲಿ ಅಂಥ ಫಲಕ ಹಾಕುತ್ತಾರೆ. ಇದನ್ನು 2016ರ ಸೆಪ್ಟೆಂಬರ್ 1ರಂದು ತೆರೆದವರು ಅವನ ತಂಗಿ ಕಾಶ್ಮೀರಾ ಮತ್ತು ತಂಡದ ಗಿಟಾರ್ ವಾದಕ ಬ್ರಯಾನ್ ಮೇ. ಫ್ರೆಡ್ಡಿ ಮರ್ಕ್ಯುರಿ ಎಂಬ ಹೆಸರಿನ ಕೆಳಗೆ ಕಂಸದಲ್ಲಿ ಇನ್ನೊಂದು ಹೆಸರು: ಫ್ರೆಡ್ ಬಲ್ಸಾರಾ.

ಆ ಕಂಸದ ಮುಂದೆ ನಾನು ಬಹಳ ಹೊತ್ತು ನಿಂತೆ.

ಹುಟ್ಟುಹೆಸರು ಫರೂಖ್ ಬಲ್ಸಾರಾ. ಪಾರಸಿ ಮನೆತನ. ಬಲ್ಸಾರಾ ಅಂದರೆ ಗುಜರಾತಿನ ಬಲ್ಸಾರ್ ಊರಿನವರು, ಈಗ ಆ ಊರನ್ನು ವಲ್ಸಾಡ್ ಅನ್ನುತ್ತಾರೆ. ನಮ್ಮ ಕಡೆ ಸವದತ್ತಿ, ಬಾದಾಮಿ, ಹಾವೇರಿ ಎಂದು ಅಡ್ಡಹೆಸರು ಇರುವುದಿಲ್ಲವೇ, ಹಾಗೇ. ಹುಟ್ಟಿದ್ದು ಆಫ್ರಿಕಾದ ಅಂಚಿನ ಝಾಂಜಿಬಾರ್ ದ್ವೀಪದಲ್ಲಿ, 1946ರ ಸೆಪ್ಟೆಂಬರ್ 5ರಂದು. ಅಪ್ಪ ಬೋಮಿ ಅಲ್ಲಿ ಬ್ರಿಟಿಷ್ ಸರಕಾರದ ನೌಕರಿಯಲ್ಲಿ ಕ್ಯಾಷಿಯರ್. ಮಗನಿಗೆ ಎಂಟು ವರ್ಷವಾದಾಗ ಹಡಗು ಹತ್ತಿಸಿ ಮುಂಬೈಗೆ ಕಳಿಸಿದರು. ಅಲ್ಲಿಂದ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆ.

ಇಲ್ಲಿ ನನ್ನದೊಂದು ಹಳೇ ದುಃಖ ಹೇಳಬೇಕು. ಮದುವೆಯಾದ ಹೊಸತರಲ್ಲಿ ನಾವು ಮಹಾಬಳೇಶ್ವರಕ್ಕೆ ಬಸ್ಸಿನಲ್ಲಿ ಹೋಗಿದ್ದೆವು. ವಾಯಿ ದಾಟಿ ಘಾಟ್ ಹತ್ತಿದರೆ ಪಂಚಗಣಿ. ಟೇಬಲ್ ಲ್ಯಾಂಡ್ ಮೇಲೆ ಕುದುರೆ ಹತ್ತಿದೆವು, ಸ್ಟ್ರಾಬೆರಿ ತಿಂದೆವು, ಫೋಟೋ ತೆಗೆಸಿಕೊಂಡೆವು. ಆ ಊರಿನಲ್ಲಿ ಕಾಲಿಟ್ಟಲ್ಲೆಲ್ಲ ಬೋರ್ಡಿಂಗ್ ಶಾಲೆಗಳು. ಯಾವುದೋ ಒಂದು ಗೇಟಿನ ಒಳಗೆ 1958ರಲ್ಲಿ ಐದು ಹುಡುಗರು ದಿ ಹೆಕ್ಟಿಕ್ಸ್ ಎಂಬ ತಂಡ ಕಟ್ಟಿದ್ದರು, ಅದರಲ್ಲಿ ಹಲ್ಲುಬ್ಬಿದ ಒಬ್ಬ ಪುಟ್ಟ ಪಿಯಾನೋ ಬಾರಿಸುತ್ತಿದ್ದ ಎಂದು ನನಗೆ ಆಗ ಗೊತ್ತಿರಲೇ ಇಲ್ಲ. ಫರೂಖ್ ಎಂಬುದನ್ನು ಫ್ರೆಡ್ಡಿ ಮಾಡಿಕೊಂಡದ್ದೂ ಅಲ್ಲೇ. ಪಿಯಾನೋ ಪಾಠ ಶುರುವಾದದ್ದೂ ಅಲ್ಲೇ. ಗೇಟಿನ ಮುಂದೆಯೇ ಹಾದುಹೋಗಿರಬೇಕು, ಸ್ಟ್ರಾಬೆರಿ ಬುಟ್ಟಿ ತೊಡೆಯ ಮೇಲೆ ಇಟ್ಟುಕೊಂಡು.

ಶಾಲೆ ಬಿಟ್ಟು ಝಾಂಜಿಬಾರ್‌ಗೆ ಮರಳಿದ. 1964ರ ಜನವರಿಯಲ್ಲಿ ಅಲ್ಲಿ ಕ್ರಾಂತಿಯಾಯಿತು. ಅರಬರನ್ನೂ ಭಾರತೀಯರನ್ನೂ ಕೊಂದರು. ಬಲ್ಸಾರಾ ಮನೆಯವರು ಕೈಗೆ ಸಿಕ್ಕಿದ್ದನ್ನು ಹಿಡಿದು ಈ ಫೆಲ್ಟಮ್‌ಗೆ ಬಂದರು. ನಾನು ನೋಡುತ್ತಾ ನಿಂತಿದ್ದ ಮನೆ ಅಂದರೆ ಅದು: ಎಲ್ಲ ಬಿಟ್ಟು ಬಂದವರ ಮನೆ. ಹದಿನೇಳರ ಹುಡುಗ, ಹೊಸ ದೇಶ, ಹೊಸ ಚಳಿ.

"ಇಷ್ಟ ಸಣ್ಣ ಮನ್ಯಾಗ ಇದ್ದನೇನ್ರಿ ಅಂವ?" ಎಂದು ಹೆಂಡತಿ ಕೇಳಿದಳು. ಮಗಳ ಮೊಬೈಲಿನಲ್ಲಿ ಅವನ ಫೋಟೋ ನೋಡಿದಳು. "ಹಲ್ಲ ನೋಡ್ರಿ, ಥೇಟ್ ನಮ್ಮ ಕಾಕಾನ ಹಂಗ."

ಆ ಹಲ್ಲಿಗೂ ಒಂದು ಕಥೆಯಿದೆ. ಅವನ ಬಾಯಲ್ಲಿ ನಾಲ್ಕು ಹಲ್ಲು ಹೆಚ್ಚಿಗೆ ಇದ್ದವು. ಅವು ಮುಂದಿನ ಹಲ್ಲುಗಳನ್ನು ಹೊರಕ್ಕೆ ದೂಡಿದ್ದವು. ಪಂಚಗಣಿಯಲ್ಲಿ ಹುಡುಗರು ಅದಕ್ಕೇ ಅಡ್ಡಹೆಸರಿಟ್ಟು ರೇಗಿಸುತ್ತಿದ್ದರು. ದುಡ್ಡು ಬಂದ ಮೇಲೂ ಅವನು ಅವನ್ನು ಕೀಳಿಸಲಿಲ್ಲ, ದನಿ ಕೆಟ್ಟೀತೆಂಬ ಭಯ. ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಎಪ್ಪತ್ತು ಸಾವಿರ ಜನರ ಮುಂದೆ ಅಂಗಿ ಬಿಚ್ಚಿ ಓಡಾಡುವವನಿಗೆ ನಗಲು ನಾಚಿಕೆ!

ಇದೇ ಫೆಲ್ಟಮ್‌ನಲ್ಲಿ, ನಡೆದು ಹೋಗುವಷ್ಟು ದೂರದಲ್ಲೇ, ಇನ್ನೊಬ್ಬ ಹುಡುಗ ಅಪ್ಪನ ಜೊತೆ ಕೂತು ಹಳೇ ಅಗ್ಗಿಷ್ಟಿಕೆಯ ಕಟ್ಟಿಗೆಯಿಂದ ಗಿಟಾರ್ ಮಾಡಿಕೊಂಡಿದ್ದ. ಅವನೇ ಬ್ರಯಾನ್ ಮೇ. ಒಂದೇ ಊರಿನಲ್ಲಿದ್ದೂ ಇಬ್ಬರಿಗೂ ಪರಿಚಯ ಇರಲಿಲ್ಲ. ಮುಂದೆ ಈಲಿಂಗ್ ಕಲಾ ಕಾಲೇಜಿನ ಸಹಪಾಠಿಯೊಬ್ಬನ ಮೂಲಕ ಪರಿಚಯವಾಗಿ, 1970ರಲ್ಲಿ ಕ್ವೀನ್ ಹುಟ್ಟಿತು. ಆ ಗಿಟಾರನ್ನು ಬ್ರಯಾನ್ ಈಗಲೂ ನುಡಿಸುತ್ತಾರೆ.

ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಕಿಟಕಿಯ ಪರದೆ ಸ್ವಲ್ಪ ಸರಿಯಿತು, ನಾವು ಮುಂದೆ ಸಾಗಿದೆವು. ಮಂದಿ ಮನೆಯ ಮುಂದೆ ಎಷ್ಟು ಹೊತ್ತು ನಿಲ್ಲೋದು.

ಮೂರನೆಯ ದಿನ: ಕೆನ್ಸಿಂಗ್ಟನ್

ಬೆಳಿಗ್ಗೆ ಬ್ಯಾಗಿನ ಬಗ್ಗೆ ಫೋನು ಮಾಡಿದೆವು. "ಹುಡುಕುತ್ತಿದ್ದೇವೆ" ಎಂದರು. ಮಗಳಿಗೆ ಕೆಲಸ, ನಾವಿಬ್ಬರೇ ಟ್ಯೂಬ್ ರೈಲು ಹತ್ತಿ ಅರ್ಲ್ಸ್ ಕೋರ್ಟ್‌ನಲ್ಲಿ ಇಳಿದೆವು. ಅಲ್ಲಿಂದ ಲೋಗನ್ ಪ್ಲೇಸ್‌ಗೆ ಕಾಲ್ನಡಿಗೆ.

ಇದು ಅವನು ಸತ್ತ ಮನೆ. ಗಾರ್ಡನ್ ಲಾಡ್ಜ್. 1980ರಲ್ಲಿ ಕೊಂಡ. ರಸ್ತೆಯಿಂದ ಏನೂ ಕಾಣುವುದಿಲ್ಲ. ಎತ್ತರದ ಇಟ್ಟಿಗೆ ಗೋಡೆ, ಗೋಡೆಯಲ್ಲೊಂದು ಹಸಿರು ಬಾಗಿಲು, ಆಚೆ ಮರದ ತುದಿ. ಮನೆಯನ್ನು ಅವನು ಮೇರಿಗೆ ಬಿಟ್ಟುಹೋದ. ಬಹಳ ವರ್ಷ ಈ ಗೋಡೆಯ ಮೇಲೆ ಜಗತ್ತಿನ ಎಲ್ಲ ಮೂಲೆಯವರು ಬಂದು ಬರೆದರು, ಪತ್ರ ಅಂಟಿಸಿದರು, ಹೂ ಸಿಕ್ಕಿಸಿದರು. 2017ರಲ್ಲಿ ಎಲ್ಲವನ್ನೂ ತೆಗೆದುಹಾಕಿದ್ದಾರೆ. ನಾವು ಹೋದಾಗ ಗೋಡೆ ಸ್ವಚ್ಛ. ಒಂದೇ ಒಂದು ಬಾಡಿದ ಹೂ ಬಾಗಿಲ ಬುಡದಲ್ಲಿತ್ತು.

ಗೋಡೆ ನೋಡಿ ಬೇಜಾರಾಯಿತು. ಹಂಪಿಯ ಕಲ್ಲಿನ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ಕೆನ್ನೆಗೆ ಬಾರಿಸಬೇಕು ಅನ್ನಿಸುವ ನನಗೇ ಇಲ್ಲಿ ಯಾರಾದರೂ ಬರೆದಿರಬೇಕಿತ್ತು ಅನ್ನಿಸಿತು. ನೆನೆಯಲು ಜಾಗ ಕೊಡದೆ ಹೋದವನನ್ನು ಜನ ಗೋಡೆಯ ಮೇಲೆ ನೆನೆದರು. ಅದನ್ನೂ ತೊಳೆದರೆ ಹೇಗೆ? ಮತ್ತೆ, ಒಳಗೆ ಬದುಕುತ್ತಿರುವವರ ಕಷ್ಟವೂ ಕಷ್ಟವೇ ಬಿಡಿ. ಇಪ್ಪತ್ತೈದು ವರ್ಷ ಪ್ರತಿದಿನ ನಿಮ್ಮ ಬಾಗಿಲ ಮುಂದೆ ಯಾರೋ ಅಳುತ್ತಾ ನಿಂತಿದ್ದರೆ?

(ಆ ಹಸಿರು ಬಾಗಿಲೂ ಈಗ ಹೋಯಿತು. 2023ರಲ್ಲಿ ಅವನ ಸಾಮಾನುಗಳನ್ನು ಹರಾಜು ಹಾಕಿದಾಗ ಬರೀ ಬಾಗಿಲು ನಾಲ್ಕು ಲಕ್ಷ ಪೌಂಡಿಗೂ ಮೇಲೆ ಹೋಗಿ ನಿಂತಿತು. ನಾವು ಕೈಯಿಂದ ಮುಟ್ಟಿದ್ದ ಬಾಗಿಲು. ಸುದ್ದಿ ಓದಿದ ಹೆಂಡತಿ, "ಅವತ್ತ ಬಿಚ್ಚಿಕೊಂಡ ಬರಬೇಕಾಗಿತ್ತು" ಎಂದಳು.)

ಈ ಗೋಡೆಯ ಹಿಂದೆ ನಡೆದದ್ದು ಸಣ್ಣ ಮಾತಲ್ಲ. 1987ರಲ್ಲಿ ಅವನಿಗೆ ಏಡ್ಸ್ ಇರುವುದು ಗೊತ್ತಾಯಿತು. ಆಗಿನ ಕಾಲಕ್ಕೆ ಅದು ಮರಣದಂಡನೆಯೇ. ನೆಂಟರಂತೆ ಹತ್ತಿರವಿದ್ದ ಕೆಲವರಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಪತ್ರಿಕೆಯವರು ಈ ಗೇಟಿನ ಹೊರಗೆ ಕ್ಯಾಮೆರಾ ಹಿಡಿದು ಕಾಯುತ್ತಿದ್ದರು. ಅವನು ಒಳಗೆ ಬೆಕ್ಕುಗಳ ಜೊತೆ ಇರುತ್ತಿದ್ದ. ಮೈ ಇಳಿದುಹೋದರೂ ಹಾಡು ಬರೆದ, ದಪ್ಪ ಮೇಕಪ್ ಹಚ್ಚಿ ವಿಡಿಯೋದಲ್ಲಿ ನಿಂತ. ನವೆಂಬರ್ 23ರಂದು, ನನಗೆ ಏಡ್ಸ್ ಇದೆ ಎಂದು ಹೇಳಿಕೆ ಕೊಟ್ಟ. ಮರುದಿನ ಸಂಜೆ ಹೋದ. ಗುಟ್ಟು ಬಿಟ್ಟುಕೊಟ್ಟ ಮೇಲೆ ಅವನಿಗೆ ಸಿಕ್ಕಿದ್ದು ಒಂದೇ ಹಗಲು.

ಐದು ವರ್ಷ ತಡೆದಿದ್ದರೆ! 1996ರ ಹೊತ್ತಿಗೆ ಮೂರು ಔಷಧಿ ಕೂಡಿಸಿ ಕೊಡುವ ಚಿಕಿತ್ಸೆ ಬಂತು. ಹಾಸಿಗೆ ಹಿಡಿದವರು ಎದ್ದು ಓಡಾಡಿದರು. ಈಗ ದಿನಕ್ಕೊಂದು ಗುಳಿಗೆ ನುಂಗಿ ಜನ ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಾರೆ. ಈ ಲೆಕ್ಕವನ್ನು ನಾನು ಎಷ್ಟು ಸಲ ಹಾಕಿದ್ದೇನೋ. ಹಾಕಬಾರದು, ಗೊತ್ತು.

ಮಧ್ಯಾಹ್ನ ಕೆನ್ಸಿಂಗ್ಟನ್ ಹೈ ಸ್ಟ್ರೀಟ್. ಇಲ್ಲಿದ್ದ ಮಾರ್ಕೆಟ್ಟಿನಲ್ಲಿ ಫ್ರೆಡ್ಡಿ ಮತ್ತು ಡ್ರಮ್ಮರ್ ರೋಜರ್ ಟೇಲರ್ ಹಳೇ ಬಟ್ಟೆ ಮಾರುತ್ತಿದ್ದರು. ಮಾರ್ಕೆಟ್ಟನ್ನು ಕೆಡವಿ ಎಷ್ಟೋ ವರ್ಷವಾಗಿದೆ. ನಾವು ಒಂದು ಬೆಂಚಿನ ಮೇಲೆ ಕೂತು, ಮಗಳು ಕಟ್ಟಿಕೊಟ್ಟಿದ್ದ ಚಪಾತಿ ಬದನೆಕಾಯಿ ಪಲ್ಯ ತಿಂದೆವು.

ನಾಲ್ಕನೆಯ ದಿನ: ಕೆನ್ಸಲ್ ಗ್ರೀನ್

ಮಳೆ. ಇಂಗ್ಲೆಂಡಿನ ಮಳೆ ನಮ್ಮ ಧಾರವಾಡದ ಜಿಟಿಜಿಟಿ ಮಳೆಯ ತಮ್ಮ. ನಿಲ್ಲುವುದೂ ಇಲ್ಲ, ಜೋರಾಗಿ ಬರುವುದೂ ಇಲ್ಲ. ಹೆಂಡತಿ ಬರುವುದಿಲ್ಲ ಎಂದಳು. "ಮಸಣಕ್ಕ ಯಾರರ ಟೂರ್ ಹೋಗ್ತಾರೇನು?"

ಒಬ್ಬನೇ ಹೋದೆ. ಕೆನ್ಸಲ್ ಗ್ರೀನ್ ಎಂದರೆ ದೊಡ್ಡ ಹಳೇ ಸ್ಮಶಾನ. ಕಲ್ಲಿನ ದೇವದೂತರು, ವಾಲಿದ ಶಿಲುಬೆಗಳು, ಮೊಣಕಾಲುದ್ದ ಹುಲ್ಲು. ಅದರೊಳಗೇ ವೆಸ್ಟ್ ಲಂಡನ್ ಚಿತಾಗಾರ. 1991ರ ನವೆಂಬರ್ 27ರಂದು ಇಲ್ಲಿ ಅವನ ದಹನವಾಯಿತು. ಬಿಳಿ ಬಟ್ಟೆಯ ಪಾರಸಿ ಪುರೋಹಿತರು ಮಂತ್ರ ಹೇಳಿದರು. ತಂಡದ ಮೂವರಿದ್ದರು, ಗಾಯಕ ಎಲ್ಟನ್ ಜಾನ್ ಇದ್ದರು, ಮನೆಯವರಿದ್ದರು. ಇನ್ನು ಕೆಲವರು ಮಾತ್ರ.

ಬದುಕಿಡೀ ಅವನು ತನ್ನ ಪಾರಸಿ ಮೂಲದ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಅಪ್ಪ ಅಮ್ಮನ ಮನೆಗೆ ಹೋಗಿ ಊಟ ಮಾಡಿ ಬರುತ್ತಿದ್ದ, ಅಷ್ಟೇ. ಕೊನೆಗೆ ಅವಸ್ತಾ ಭಾಷೆಯ ಪ್ರಾರ್ಥನೆಯಲ್ಲೇ ಅವನನ್ನು ಕಳಿಸಿಕೊಟ್ಟರು. ಪಾರಸಿಗಳ ಹಳೇ ಪದ್ಧತಿಯಲ್ಲಿ ಹೂಳುವುದೂ ಇಲ್ಲ, ಸುಡುವುದೂ ಇಲ್ಲ. ಮಣ್ಣೂ ಬೆಂಕಿಯೂ ಪವಿತ್ರ, ಅವನ್ನು ಮೈಲಿಗೆ ಮಾಡಬಾರದು. ದೇಹವನ್ನು ದಖ್ಮಾ ಎಂಬ ಗೋಪುರದ ಮೇಲೆ ಬಿಸಿಲಿಗೂ ಹಕ್ಕಿಗಳಿಗೂ ಬಿಡುತ್ತಾರೆ. ಲಂಡನ್ನಿನಲ್ಲಿ ಅದೆಲ್ಲಿ ಸಾಧ್ಯ? ಆದರೆ ಗುರುತು ಉಳಿಸಬಾರದು ಎಂಬ ಮಾತು ಮಾತ್ರ ಹೇಗೋ ಉಳಿದುಕೊಂಡಿತು.

2013ರಲ್ಲಿ ಇದೇ ಸ್ಮಶಾನದಲ್ಲಿ ಒಂದು ಸಣ್ಣ ಫಲಕ ಕಂಡಿತ್ತು. ಫರೂಖ್ ಬಲ್ಸಾರಾ ನೆನಪಿಗೆ ಎಂದು ಹೆಸರು, ಹುಟ್ಟು ಸಾವಿನ ತಾರೀಖು, ಕೆಳಗೆ ಫ್ರೆಂಚಿನಲ್ಲಿ ಒಂದು ಸಾಲು, ಎಂ ಎಂಬ ಸಹಿ. ಸುದ್ದಿ ಹಬ್ಬಿತು, ಜನ ಬಂದರು, ಸ್ವಲ್ಪ ದಿನದಲ್ಲಿ ಫಲಕವೇ ಮಾಯ. ಅದಿದ್ದ ಜಾಗ ಯಾವುದೆಂದು ನಾನು ಹುಡುಕಲು ಹೋಗಲಿಲ್ಲ. ಒಂದು ಗಂಟೆ ಸುತ್ತಿದೆ. ಬೂಟಿನ ತುಂಬ ನೀರು. ಕೊಡೆ ಹಿಡಿದ ಒಬ್ಬ ಮುದುಕ ಯಾರದೋ ಗೋರಿಯ ಮೇಲಿನ ಎಲೆ ಗುಡಿಸುತ್ತಿದ್ದ. ಅವನನ್ನು ಕಂಡು ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಬರುವಾಗ ವೆಂಬ್ಲಿ ಸ್ಟೇಡಿಯಂಗೂ ಹೋದೆ. 1985ರ ಜುಲೈ 13ರ ಲೈವ್ ಏಡ್ ಸಂಗೀತ ಕಾರ್ಯಕ್ರಮ ಇಲ್ಲೇ ಆಗಿದ್ದು, ಇಥಿಯೋಪಿಯಾದ ಬರಕ್ಕೆ ಹಣ ಕೂಡಿಸಲು ಮಾಡಿದ್ದು. ಕ್ವೀನ್‌ಗೆ ಸಿಕ್ಕಿದ್ದು ಇಪ್ಪತ್ತು ನಿಮಿಷದ ಆಸುಪಾಸು. ಎಲ್ಲರಂತೆ ಹೊಸ ಹಾಡು ಮಾರಲು ಹೋಗಲಿಲ್ಲ, ಜನಕ್ಕೆ ಬಾಯಿಪಾಠವಿದ್ದದ್ದನ್ನೇ ಬಿಗಿಯಾಗಿ ಕಟ್ಟಿಕೊಂಡು ಬಂದಿದ್ದರು. ನಡುವೆ ಫ್ರೆಡ್ಡಿ ಬರೀ ಆಲಾಪದಂತೆ ಒಂದು ಏರಿಳಿತ ಹಾಡುತ್ತಾನೆ, ಎಪ್ಪತ್ತು ಸಾವಿರ ಜನ ಅದನ್ನೇ ತಿರುಗಿ ಹಾಡುತ್ತಾರೆ. ಭಜನೆಯಲ್ಲಿ ಮುಮ್ಮೇಳದವರು ಎತ್ತಿದ್ದನ್ನು ಹಿಮ್ಮೇಳದವರು ಹಿಡಿಯುವಂತೆ. ಆ ಸ್ಟೇಡಿಯಂ ಈಗಿಲ್ಲ. ಕೆಡವಿ 2007ರಲ್ಲಿ ಹೊಸದು ಕಟ್ಟಿದ್ದಾರೆ. ದೊಡ್ಡ ಕಮಾನು, ಸುತ್ತ ಅಂಗಡಿ. ಎರಡು ನಿಮಿಷ ನಿಂತು ಬಂದೆ.

ಮನೆಗೆ ಬಂದರೆ ಹೆಂಡತಿಯ ಮುಖ ಅರಳಿತ್ತು. ಬ್ಯಾಗ್ ಬಂದಿತ್ತು! ಒಂದು ಗಾಲಿ ಮುರಿದಿತ್ತು, ಪೇಡೆ ಸರಿಯಾಗಿದ್ದವು. ಮಗಳು ನಾಲ್ಕು ತಿಂದು ಕಣ್ಣು ಮುಚ್ಚಿಕೊಂಡಳು.

ಐದನೆಯ ದಿನ: ಮಾಂಟ್ರೂ

ಬೆಳಿಗ್ಗೆ ವಿಮಾನದಲ್ಲಿ ಜಿನೀವಾ. ಬ್ರಿಟನ್ನಿಗೊಂದು ವೀಸಾ, ಸ್ವಿಟ್ಜರ್ಲೆಂಡಿಗೆ ಇನ್ನೊಂದು. ಆ ಕಾಗದಪತ್ರದ ಪುರಾಣ ಬೇಡ. ಜಿನೀವಾ ಏರ್‌ಪೋರ್ಟಿನ ಕೆಳಗೇ ರೈಲು. ಮಗಳು ರಜೆ ಹಾಕಿ ಜೊತೆಗೆ ಬಂದಿದ್ದಳು. ಒಂದು ಗಂಟೆಗೂ ಸ್ವಲ್ಪ ಹೆಚ್ಚು ದಾರಿ, ಬಲಗಡೆ ಸರೋವರ. ಲೋಸಾನ್ ದಾಟಿದ ಮೇಲೆ ಎಡಗಡೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ. ಹೆಂಡತಿ ಈಗ ಪೂರ್ತಿ ನನ್ನ ಪಕ್ಷ. "ಇಲ್ಲಿ ಮದಲ ಬರಬೇಕಿತ್ತು ನೋಡ್ರಿ, ಆ ಮಸಣ ಬಿಟ್ಟು."

ಈ ಊರಿಗೂ ಅವನಿಗೂ ಏನು ನಂಟು? 1978ರಲ್ಲಿ ಕ್ವೀನ್ ತಂಡ ಇಲ್ಲಿಯ ಕ್ಯಾಸಿನೋ ಕಟ್ಟಡದಲ್ಲಿದ್ದ ಮೌಂಟನ್ ಸ್ಟುಡಿಯೋಗೆ ಹಾಡು ಮುದ್ರಿಸಲು ಬಂತು. ಮರುವರ್ಷ ಆ ಸ್ಟುಡಿಯೋವನ್ನೇ ಕೊಂಡರು. ಮೊದಮೊದಲು ಫ್ರೆಡ್ಡಿಗೆ ಈ ಊರು ಸೇರಲಿಲ್ಲ. ತೀರಾ ಸಪ್ಪೆ, ತೀರಾ ಮೌನ. ಕಾಯಿಲೆ ಬಂದ ಮೇಲೆ ಅದೇ ಮೌನ ಹಿಡಿಸಿತು. ಇಲ್ಲಿ ಯಾರೂ ಕ್ಯಾಮೆರಾ ಹಿಡಿದು ಗೇಟಿನಲ್ಲಿ ಕಾಯುತ್ತಿರಲಿಲ್ಲ. ಬೀದಿಯಲ್ಲಿ ನಡೆದರೆ ಜನ ಸುಮ್ನೆ ಬಿಡುತ್ತಿದ್ದರು.

ಮಾರ್ಕೆಟ್ ಚೌಕದ ಅಂಚಿನಲ್ಲಿ, ನೀರಿನ ದಡದಲ್ಲಿ ಅವನ ಕಂಚಿನ ಮೂರ್ತಿ. ಹತ್ತಿರ ಹತ್ತಿರ ಮೂರು ಮೀಟರ್ ಎತ್ತರ. ಕಾಲು ಅಗಲಿಸಿ, ಒಂದು ಕೈಯಲ್ಲಿ ಅರ್ಧ ಸ್ಟ್ಯಾಂಡಿನ ಮೈಕು, ಇನ್ನೊಂದು ಮುಷ್ಟಿ ಆಕಾಶಕ್ಕೆ. ಮಾಡಿದವರು ಇರೇನಾ ಸೆಡ್ಲೆಸ್ಕಾ ಎಂಬ ಚೆಕ್ ಶಿಲ್ಪಿ. ಲಂಡನ್ನಿನಲ್ಲಿ ನಿಲ್ಲಿಸಬೇಕು ಎಂದು ಗೆಳೆಯರು ವರ್ಷಗಟ್ಟಲೆ ಜಾಗ ಹುಡುಕಿದರು, ಸಿಗಲಿಲ್ಲ. ಕಡೆಗೆ 1996ರ ನವೆಂಬರ್ 25ರಂದು ಇಲ್ಲಿ ನಿಲ್ಲಿಸಿದರು. ಲಂಡನ್ನಿನ ಒಂದು ನಾಟಕ ಮಂದಿರದ ಮುಂದೆ ಕೆಲವು ವರ್ಷ ಇಂಥದ್ದೇ ಒಂದು ಮೂರ್ತಿ ಇತ್ತು. ನಾಟಕ ಮುಗಿದ ಮೇಲೆ ಅದು ಡ್ರಮ್ಮರ್ ರೋಜರ್ ಟೇಲರ್ ಮನೆಯ ತೋಟ ಸೇರಿತು. ಬದುಕಿದ್ದಾಗ ಪತ್ರಿಕೆಗಳಲ್ಲಿ ಅವನನ್ನು ಹರಿದು ತಿಂದ ಊರಿಗೆ ಅವನ ಮೂರ್ತಿಗೆ ಮೂರಡಿ ಜಾಗ ಸಿಗಲಿಲ್ಲ ಅಂದರೆ ನನಗಂತೂ ಸಿಟ್ಟು.

ಅವನ ಮುಖ ಸರೋವರದ ಕಡೆಗಿದೆ. ಊರಿನ ಕಡೆಯಿಂದ ಬಂದರೆ ಕಾಣುವುದು ಬೆನ್ನು. ಮುಖ ನೋಡಬೇಕೆಂದರೆ ನೀರಿನ ಅಂಚಿಗೆ ಹೋಗಿ ತಿರುಗಿ ನಿಲ್ಲಬೇಕು. ಕಾಲ ಬುಡದಲ್ಲಿ ಹೂಗಳು, ಒಂದು ಮೋಂಬತ್ತಿ, ಯಾವುದೋ ಮಗು ಬರೆದ ಬೆಕ್ಕಿನ ಚಿತ್ರ. ಜನ ಬರುತ್ತಿದ್ದರು, ಮುಷ್ಟಿ ಎತ್ತಿ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ನಾನೂ ಎತ್ತಿದೆ. ಭುಜ ಹಿಡಿದುಕೊಂಡಿತು.

ಆರನೆಯ ದಿನ: ಸ್ಟುಡಿಯೋ

ಕ್ಯಾಸಿನೋ ಒಳಗೆ ಜೂಜಿನ ಮಷೀನುಗಳ ಟಿಣಿಟಿಣಿ ದಾಟಿ ಹೋದರೆ ಹಳೇ ಸ್ಟುಡಿಯೋ. 2013ರಿಂದ ಅದನ್ನು ಪುಟ್ಟ ಮ್ಯೂಸಿಯಂ ಮಾಡಿದ್ದಾರೆ. ಟಿಕೆಟ್ ಇಲ್ಲ. ಮನಸ್ಸಿದ್ದರೆ ಕಾಣಿಕೆ ಹಾಕಬಹುದು, ಅದು ಅವನ ಹೆಸರಿನಲ್ಲಿ ಏಡ್ಸ್ ವಿರುದ್ಧ ಕೆಲಸ ಮಾಡುವ ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್‌ಗೆ ಹೋಗುತ್ತದೆ. ಹೊರಗಿನ ಬಾಗಿಲ ಮೇಲೆ ಜನರ ಬರಹ ತುಂಬಿತ್ತು. ಲಂಡನ್ನಿನ ಗೋಡೆಯಿಂದ ಅಳಿಸಿದ್ದು ಇಲ್ಲಿ ಬಂದು ಕೂತಿತ್ತು. ಒಂದೂ ಕನ್ನಡ ಅಕ್ಷರ ಕಾಣಲಿಲ್ಲ. ಮಗಳು ಪೆನ್ನು ಕೊಟ್ಟಳು. ಏನು ಬರೆದೆ ಎಂದು ಹೇಳುವುದಿಲ್ಲ.

ಒಳಗೆ ಬಟ್ಟೆಗಳು, ವಾದ್ಯಗಳು, ಕೈಬರಹದ ಹಾಳೆಗಳು. ಬೊಹೀಮಿಯನ್ ರಾಪ್ಸಡಿ ಎಂಬ ಆರು ನಿಮಿಷಕ್ಕೆ ಐದು ಸೆಕೆಂಡ್ ಕಡಿಮೆಯ ಹಾಡನ್ನು 1975ರಲ್ಲಿ ಮಾಡಿದಾಗ, ಇಷ್ಟುದ್ದದ್ದು ರೇಡಿಯೋದಲ್ಲಿ ಯಾರು ಹಾಕುತ್ತಾರೆ ಎಂದಿದ್ದರಂತೆ. ಅದು ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನ ಬಿಡಲಿಲ್ಲ. ಹಾಸ್ಟೆಲ್ಲಿನಲ್ಲಿ ನಾವು ಒಬ್ಬನಾ ನಾಲ್ವರಾ ಎಂದು ಜಗಳವಾಡಿದ್ದು ಇದಕ್ಕೇ. ಇಬ್ಬರದೂ ತಪ್ಪು. ಹಾಡಿದವರು ಮೂವರು. ಮೇಲಿಂದ ಮೇಲೆ ಅದದೇ ಟೇಪಿನ ಮೇಲೆ ದನಿ ಪೇರಿಸಿ, ಟೇಪ್ ಸವೆದು ಬೆಳಕು ಆಚೆ ಕಾಣುವಷ್ಟಾಗಿತ್ತಂತೆ.

ಕೊನೆಯ ಕೋಣೆ ಕಂಟ್ರೋಲ್ ರೂಮು. 1991ರ ಮೇ ತಿಂಗಳಲ್ಲಿ ಅವನು ಇದೇ ಸ್ಟುಡಿಯೋದಲ್ಲಿ ಕಡೆಯ ಸಲ ಹಾಡಿದ. ನಡೆಯುವುದೇ ಕಷ್ಟವಾಗಿತ್ತು. ಏನಾದರೂ ಬರೆದು ಕೊಡಿ, ಹಾಡಿಟ್ಟು ಹೋಗುತ್ತೇನೆ, ನೀವು ಆಮೇಲೆ ಮುಗಿಸಿಕೊಳ್ಳಿ ಎಂಬ ಅರ್ಥದ ಮಾತನ್ನು ಗೆಳೆಯರಿಗೆ ಹೇಳಿದ್ದ. ಬ್ರಯಾನ್ ಮೇ ಸಾಲು ಬರೆದಂತೆ ಇವನು ಒಂದೊಂದೇ ಹಾಡುತ್ತಾ ಹೋದ. ಮದರ್ ಲವ್ ಎಂಬ ಹಾಡು. ಕೊನೆಯ ಚರಣ ಉಳಿಯಿತು. ದಣಿವಾಗಿದೆ, ಸ್ವಲ್ಪ ಸುಧಾರಿಸಿಕೊಂಡು ಬಂದು ಮುಗಿಸುತ್ತೇನೆ ಎಂದು ಹೋದವನು ಮತ್ತೆ ಬರಲಿಲ್ಲ. 1995ರಲ್ಲಿ ಹಾಡು ಹೊರಬಂದಾಗ ಆ ಚರಣವನ್ನು ಹಾಡಿದ್ದು ಬ್ರಯಾನ್.

ಅಲ್ಲಿ ಒಂದು ಮಿಕ್ಸರ್ ಇಟ್ಟಿದ್ದಾರೆ. ಗುಂಡಿ ಸರಿಸಿ ನಾವೇ ವಾದ್ಯಗಳನ್ನು ಏರಿಸಬಹುದು, ಇಳಿಸಬಹುದು. ನಾನು ಡ್ರಮ್ ಇಳಿಸಿದೆ, ಗಿಟಾರ್ ಇಳಿಸಿದೆ. ಬರೀ ಅವನ ದನಿ ಉಳಿಯಿತು. ಕರಕರ ಇಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ಉಸಿರು ಎಳೆದುಕೊಳ್ಳುವುದು ಕೇಳಿಸಿತು. ಸಾಲಿಗೂ ಸಾಲಿಗೂ ನಡುವೆ ಒಂದು ಸಣ್ಣ ಸದ್ದು. ಹೆಂಡತಿ ಪಕ್ಕದ ಹೆಡ್‌ಫೋನ್ ತೆಗೆದುಕೊಂಡು ಕೇಳಿದಳು. ಅವಳಿಗೆ ಇಂಗ್ಲಿಷ್ ಹಾಡು ತಿಳಿಯುವುದಿಲ್ಲ. ಪೂರ್ತಿ ಕೇಳಿ, ಮತ್ತೊಮ್ಮೆ ಹಚ್ಚು ಎಂದು ಮಗಳಿಗೆ ಸನ್ನೆ ಮಾಡಿದಳು.

ಮಧ್ಯಾಹ್ನ ಶಿಯೋನ್ ಕೋಟೆಗೆ ಹೋದೆವು. ಚೆನ್ನಾಗಿದೆ. ಕಾಫಿ ಐದು ಫ್ರಾಂಕ್, ಮೂವರೂ ಒಂದೇ ತಗೊಂಡೆವು.

ಏಳನೆಯ ದಿನ: ಬೆಳಿಗ್ಗೆ

ಹತ್ತು ಗಂಟೆಗೆ ರೈಲು. ಆರಕ್ಕೇ ಹೆಂಡತಿ ಎಬ್ಬಿಸಿದಳು. ಸ್ನಾನ ಮಾಡಿ ಸೀರೆ ಉಟ್ಟಿದ್ದಳು.

"ನಡೀರಿ, ಅವನ್ನ ಇನ್ನೊಮ್ಮೆ ನೋಡಿ ಬರೂಣು."

ದಡದಲ್ಲಿ ಯಾರೂ ಇರಲಿಲ್ಲ. ಆಚೆ ದಂಡೆಯ ಬೆಟ್ಟಗಳ ಮೇಲೆ ಮೋಡ, ನೀರು ಸೀಸದ ಬಣ್ಣ. ಮೂರ್ತಿಯ ಮುಷ್ಟಿಯ ಮೇಲೆ ಇಬ್ಬನಿ. ಹೆಂಡತಿ ಕೈಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. ಒಳಗೆ ಎರಡು ಪೇಡೆ. ಲಂಡನ್ನಿನಿಂದ ಯಾವಾಗ ಇಟ್ಟುಕೊಂಡಳೋ ನನಗೆ ಗೊತ್ತಿಲ್ಲ.

"ಬರಿಗೈಲೆ ಬರಬಾರದಂತ" ಎಂದು ಅವನ ಪಾದದ ಹತ್ತಿರ, ಹೂಗಳ ನಡುವೆ ಒಂದನ್ನು ಇಟ್ಟಳು. "ಸಣ್ಣಂವ ಇದ್ದಾಗ ನಮ್ಮ ಕಡೆ ಇದ್ದಂವ. ತಿಂದಿರತಾನ."

ಪಂಚಗಣಿಯ ಹುಡುಗ ಧಾರವಾಡದ ಪೇಡೆ ತಿಂದಿರುತ್ತಾನಾ ಎಂದು ನಾನು ವಾದ ಮಾಡಲಿಲ್ಲ. ಕೈ ಕಟ್ಟಿ ನಿಂತೆ. ಐದು ನಿಮಿಷವಾಯಿತು, ಹತ್ತಾಯಿತು. ಹೊರಡೋಣ ಎಂದರೆ ಅವಳು ಅಲ್ಲಾಡುತ್ತಿಲ್ಲ, ಆಕಾಶ ನೋಡುತ್ತಿದ್ದಾಳೆ. ಯಾಕೆ ಎಂದು ಆಮೇಲೆ ಹೊಳೆಯಿತು. ನಮ್ಮಲ್ಲಿ ಸತ್ತವರ ದಿನಕ್ಕೆ ಎಡೆ ಇಟ್ಟ ಮೇಲೆ ಕಾಯುವುದಿಲ್ಲವೇ, ಹಾಗೆ.

ಬೆಂಚಿನ ಕೆಳಗಿನಿಂದ ಒಂದು ಗುಬ್ಬಿ ಬಂತು. ಕುಪ್ಪಳಿಸಿ ಹತ್ತಿರ ಹೋಯಿತು, ಹಿಂದೆ ಸರಿಯಿತು, ಮತ್ತೆ ಹೋಯಿತು. ಪೇಡೆಯ ಮೇಲಿನ ಸಕ್ಕರೆಗೆ ಎರಡು ಸಲ ಕೊಕ್ಕು ಹಾಕಿತು. ಅದನ್ನು ನೋಡಿ ಇನ್ನೊಂದು ಬಂತು.

"ಕಾಗಿ ಇಲ್ಲದ ಊರಾಗ ಗುಬ್ಬಿನ ಕಾಗಿ" ಎಂದಳು. ಉಳಿದ ಒಂದು ಪೇಡೆಯನ್ನು ಮುರಿದು ಅರ್ಧ ನನ್ನ ಕೈಗೆ ಕೊಟ್ಟಳು.